ತೋಡಿನ ನೀರು, ಅಮ್ಮನ ಚೆಂಬು

ಗೇರೆಣ್ಣೆಯ ವಾಸನೆ ಒಮ್ಮೆ ಮೂಗಿಗೆ ಹತ್ತಿತೆಂದರೆ ಬೇಗ ಬಿಡುವುದಿಲ್ಲ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಈ ಕಪ್ಪು ಎಣ್ಣೆಯನ್ನು ನಮ್ಮ ಕಡೆ ದೋಣಿಗೆ ಬಳಿಯುತ್ತಾರೆ, ಮನೆಯ ಸೂರಿನ ಪಕಾಸಿಗೆ ಬಳಿಯುತ್ತಾರೆ, ಹುಳ ಹಿಡಿಯಬಾರದು ಎನ್ನುವ ಯಾವ ಮರಕ್ಕಾದರೂ ಬಳಿಯುತ್ತಾರೆ. ಮೊನ್ನೆ ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವ ಆಚಾರಿಯೊಬ್ಬರ ಚಪ್ಪರದ ಕೆಳಗೆ ನಿಂತಿದ್ದೆ. ನಮ್ಮ ಮನೆಯ ಹಲಗೆಯ ತುದಿ ಸೀಳಿತ್ತು, ಅದನ್ನು ಆಟೋದಲ್ಲಿ ಅಡ್ಡ ಹಾಕಿಕೊಂಡು ತಂದಿದ್ದೆ. ಅವರು ಸೀಳಿನೊಳಗೆ ಹತ್ತಿ ತುರುಕಿ, ಉಳಿಯ ಹಿಂಬದಿಯಿಂದ ಮೆಲ್ಲಗೆ ಬಡಿದು, ಮೇಲೊಂದು ಕೈ ಎಣ್ಣೆ ಎಳೆದು ನೆರಳಿಗೆ ಒರಗಿಸಿದರು. ಹೊಳೆಯ ಮೇಲಿಂದ ಗಾಳಿ ಬೀಸಿತು. ಅಷ್ಟೇ. ಚಪ್ಪರ, ಅರ್ಧ ಕಟ್ಟಿದ ದೋಣಿಯ ಪಕ್ಕೆಲುಬುಗಳು, ಆಚೆ ದಡದ ತೆಂಗು ಎಲ್ಲವೂ ನೀರಿನ ಮೇಲಿನ ನೆರಳಿನ ಹಾಗೆ ಅಲ್ಲಾಡಿ, ನಾನು ಅಮ್ಮನ ಜಗಲಿಯಲ್ಲಿ ಕೂತಿದ್ದೆ.

ಆ ಹಲಗೆಯ ಕತೆ ಹೇಳದೆ ಅಮ್ಮನ ಕತೆ ಹೇಳಲು ಬರುವುದಿಲ್ಲ.

ನಮ್ಮ ಕೇರಿಯ ನಡುವೆ ಒಂದು ತೋಡು ಹರಿಯುತ್ತದೆ. ಮಳೆಗಾಲದಲ್ಲಿ ಅದು ಕೆಂಪಗೆ ಉಕ್ಕಿ ಹೊಳೆಗೆ ಓಡುತ್ತದೆ. ಮಳೆ ನಿಂತು ಅದರ ಜೋರು ತಗ್ಗಿದ ಮೇಲೆ, ಕಡಲು ಉಬ್ಬುವ ಭರತದ ಹೊತ್ತಿಗೆ, ಹೊಳೆಯ ಉಪ್ಪುನೀರು ತೋಡಿನೊಳಗೆ ಹಿಂದಕ್ಕೆ ಏರುತ್ತದೆ. ಒಮ್ಮೆ ಏರಿತೆಂದರೆ ಅಕ್ಕಪಕ್ಕದ ಬಾವಿಗಳೆಲ್ಲ ಮುಂದಿನ ಮಳೆಯವರೆಗೆ ಉಪ್ಪು. ಅದನ್ನು ತಡೆಯಲು ತೋಡಿನ ಬಾಯಿಯಲ್ಲಿ ಕಿಂಡಿಗಳಿರುವ ಒಂದು ಸಣ್ಣ ಕಟ್ಟವಿದೆ. ಕಾರ್ತಿಕದ ಹೊತ್ತಿಗೆ ಕಿಂಡಿಗಳಿಗೆ ಎರಡು ಸಾಲು ಮರದ ಹಲಗೆ ಇಳಿಸಿ, ನಡುವೆ ಜೇಡಿಮಣ್ಣು ತುಳಿದು ತುಂಬಬೇಕು. ಮಳೆ ಶುರುವಾಗುವ ಮುಂಚೆ ಮತ್ತೆ ಎತ್ತಬೇಕು. ಎತ್ತಿದ ಹಲಗೆಗಳನ್ನು ಎಲ್ಲಿಡುವುದು? ಶೆಡ್ಡಿನಲ್ಲಿಟ್ಟರೆ ಗೆದ್ದಲು, ಬಯಲಲ್ಲಿಟ್ಟರೆ ಯಾರದೋ ಒಲೆ. ಆಗ ಮನೆಗೊಂದು ಹಲಗೆ ಎಂದು ಹಂಚಿದವಳು ನನ್ನ ಅಮ್ಮ, ಗುಲಾಬಿ. ಹಲಗೆಯನ್ನು ಅಟ್ಟಕ್ಕೆ ಹಾಕಬಾರದು ಎನ್ನುವುದು ಅವಳ ಕಟ್ಟಳೆ. ಜಗಲಿಯಲ್ಲಿ ಎರಡು ಕಲ್ಲಿನ ಮೇಲಿಟ್ಟು ದಿನಾ ಕೂರಬೇಕು. ಮನುಷ್ಯರು ಕೂತು ಎದ್ದ ಮರಕ್ಕೆ ಹುಳ ಹಿಡಿಯುವುದಿಲ್ಲ, ಮೇಲಾಗಿ ಕಣ್ಣೆದುರಿಗಿದ್ದದ್ದನ್ನು ಯಾರೂ ಮರೆಯುವುದಿಲ್ಲ. ಹಾಗಾಗಿ ನಮ್ಮ ಕೇರಿಯಲ್ಲಿ ಮಳೆಗಾಲ ಎಂದರೆ ಪ್ರತಿ ಜಗಲಿಯಲ್ಲೂ ಗೇರೆಣ್ಣೆಯ ವಾಸನೆಯ ಒಂದು ಕರಿ ಬೆಂಚು. ಮಳೆಗಾಲದ ಮಾತುಕತೆಯೆಲ್ಲ ಅದರ ಮೇಲೆಯೇ. ಕಾರ್ತಿಕದಲ್ಲಿ ಹಲಗೆ ತೋಡಿಗೆ ಹೋದ ದಿನ ಮನೆಯಿಂದ ಹೆಣ್ಣುಮಗಳು ಗಂಡನ ಮನೆಗೆ ಹೋದಷ್ಟು ಜಗಲಿ ಖಾಲಿ ಅನಿಸುತ್ತಿತ್ತು.

ಅಮ್ಮ ಯಾವ ಚುನಾವಣೆಗೂ ನಿಂತವಳಲ್ಲ. ಆದರೆ ರಸ್ತೆಗೆ ಬಿದ್ದ ತೆಂಗಿನ ಗರಿಯನ್ನು ದಾಟಿ ಹೋದವರ ಮುಖವನ್ನು ಅವಳು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಿದ್ದಳು. ಪೋಲಿಯೋ ಹನಿಯ ದಿನ ಮಕ್ಕಳನ್ನು ಮನೆಮನೆಯಿಂದ ಎಬ್ಬಿಸಿ ಕರೆದೊಯ್ಯುವುದು, ಮೋರಿಗೆ ಸಿಕ್ಕಿದ ಕಸವನ್ನು ಕೋಲಿನಿಂದ ಎಳೆಯುವುದು, ಬಸ್ಸು ನಿಲ್ಲಿಸದೆ ಹೋದ ಡ್ರೈವರನ ಬಸ್ಸಿಗೇ ಮರುದಿನ ಹತ್ತಿ ಬ್ರಹ್ಮಾವರದವರೆಗೆ ಅವನ ಹಿಂದೆ ಕೂತು ಬುದ್ಧಿ ಹೇಳುವುದು, ಇದೆಲ್ಲ ಅವಳಿಗೆ ಅನ್ನ ಬಸಿದಷ್ಟೇ ಸಹಜ. ಊರಿನ ಕೆಲಸ ಬೇರೆ, ಮನೆಯ ಕೆಲಸ ಬೇರೆ ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಎಲ್ಲಕ್ಕಿಂತ ದೊಡ್ಡದು ಅವಳ ನಾಲಗೆಯ ಕೆಲಸ. ಹಲಗೆ ಇಳಿಸುವುದು ಯಾವ ದಿನ ಎಂಬುದು ನಮ್ಮಲ್ಲಿ ಹಳೆಯ ಜಗಳ. ತೋಡಿನ ಮೇಲ್ಗಡೆ ಸೂರಣ್ಣನ ಗದ್ದೆ, ತಗ್ಗಿನಲ್ಲಿದೆ. ಕೊಯ್ಲು ಮುಗಿಯುವ ಮುಂಚೆ ಹಲಗೆ ಇಳಿಸಿದರೆ ಮೇಲಿಂದ ಬರುವ ನೀರು ನಿಂತು ಅವನ ಪೈರು ಮುಳುಗುತ್ತದೆ. ಕೆಳಗಡೆ, ಕಟ್ಟದ ಪಕ್ಕದಲ್ಲೇ, ಲಚ್ಚಕ್ಕನ ಮನೆ. ತಡವಾದರೆ ಮೊದಲು ಉಪ್ಪಾಗುವುದು ಅವಳ ಬಾವಿ. ಅವನಿಗೆ ಯಾವತ್ತೂ ಬೇಗವಾಯಿತು, ಅವಳಿಗೆ ಯಾವತ್ತೂ ತಡವಾಯಿತು. ನಾನು ಸಣ್ಣವಳಿದ್ದಾಗ ಒಂದು ವರ್ಷ ಈ ಜಗಳದಲ್ಲಿ ಯಾರೋ ಇಳಿಸಿದ ಹಲಗೆಯನ್ನೇ ಕಿತ್ತೆಸೆದು, ಇಡೀ ಕೇರಿ ಬೇಸಿಗೆಯೆಲ್ಲ ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡಿತ್ತು. ಆ ಮೇಲೆ ಎಲ್ಲರೂ ಒಪ್ಪಿದ್ದು ಅಮ್ಮನ ನಾಲಗೆಯನ್ನು. ನಮ್ಮ ಮನೆ ತೋಡಿನ ಮಧ್ಯದಲ್ಲಿದೆ, ನಮಗೆ ಆ ಕಡೆಯ ಲಾಭವೂ ಇಲ್ಲ, ಈ ಕಡೆಯ ನಷ್ಟವೂ ಇಲ್ಲ. ಮಳೆ ಕಡಿಮೆಯಾದ ಮೇಲೆ ಅವಳು ದಿನಾ ಬೆಳಿಗ್ಗೆ ಹಿತ್ತಾಳೆಯ ಚೆಂಬು ಹಿಡಿದು ತೋಡಿನ ಮೆಟ್ಟಿಲಿಳಿಯುವಳು, ಒಂದು ಗುಟುಕು ಬಾಯಿಗೆ ಹಾಕಿ ಕಣ್ಣು ಮುಚ್ಚುವಳು. "ಇನ್ನೂ ಸೀ ಇತ್ತ್" ಎಂದರೆ ನೀರಿಗೆ ಇನ್ನೂ ಉಪ್ಪು ಬಂದಿಲ್ಲ, ಆ ದಿನ ಹಲಗೆ ಇಲ್ಲ. ಒಂದು ದಿನ ಕಣ್ಣು ತೆರೆದು "ಹಾಕ್ವ" ಎನ್ನುವಳು. ಊಟದ ಹೊತ್ತಿಗೆ ಹಲಗೆಗಳು ತಲೆಯ ಮೇಲೇರಿ ಕಟ್ಟದ ದಾರಿ ಹಿಡಿಯುತ್ತಿದ್ದವು.

ನಾನು ಹೇಳಬೇಕಾದ್ದು ಅವಳ ಕೊನೆಯ ಕಾರ್ತಿಕದ ಮಾತು. ಆ ಮಳೆಗಾಲದ ಕೊನೆಗೆ ಅಮ್ಮನಿಗೆ ಬಿಡದ ಜ್ವರ ಬಂದಿತ್ತು. ನಾನು ಆಗ ಕುಂದಾಪುರದಲ್ಲಿ ಹೊಲಿಗೆ ಮಾಡಿಕೊಂಡಿದ್ದೆ. ಮಗಳು ಸುಪ್ರಿಯಾ ಬ್ರಹ್ಮಾವರದ ಕಾಲೇಜಿಗೆ ಅಮ್ಮಮ್ಮನ ಮನೆಯಿಂದಲೇ ಹೋಗುತ್ತಿದ್ದಳು. ಅವಳೊಬ್ಬಳಿಗೆ ಭಾರವಾಯಿತೆಂದು ಹೊಲಿಗೆ ಮಿಷನ್ನನ್ನೂ ಹೊತ್ತುಕೊಂಡು ತವರಿಗೆ ಬಂದೆ. ಜ್ವರ ಇಳಿದಿತ್ತು, ಅಮ್ಮ ಮಾತ್ರ ಒಣಗಿದ ಅಡಿಕೆ ಹಾಳೆಯ ಹಾಗಾಗಿದ್ದಳು. ಆದರೂ ಬೆಳಿಗ್ಗೆ ಎದ್ದು ಚೆಂಬು ಹುಡುಕುವಳು. ನಾನೋ ಸುಪ್ರಿಯಾಳೋ ತೋಳು ಹಿಡಿದು ಮೆಟ್ಟಿಲಿಳಿಸುತ್ತಿದ್ದೆವು. ಮಂಜು ತೋಡಿನ ಮೇಲೆ ಒಂದು ಮೊಳ ಎತ್ತರಕ್ಕೆ ನಿಂತಿರುತ್ತಿತ್ತು. ಅದರೊಳಗೆ ಕಾಲು ಕಾಣುತ್ತಿರಲಿಲ್ಲ, ನೀರು ಕಾಣುತ್ತಿರಲಿಲ್ಲ, ಚೆಂಬು ಮುಳುಗುವ ಗುಳುಗುಳು ಮಾತ್ರ ಕೇಳುತ್ತಿತ್ತು. ಈಗಲೂ ಕಣ್ಣು ಮುಚ್ಚಿದರೆ ಆ ದಿನಗಳು ನನಗೆ ಹಾಗೆಯೇ ಕಾಣುವುದು: ಸೊಂಟದಿಂದ ಮೇಲೆ ಅಮ್ಮ, ಸೊಂಟದಿಂದ ಕೆಳಗೆ ಬಿಳಿ ಹೊಗೆ.

ಆ ವರ್ಷ ಸೂರಣ್ಣನ ಪೈರು ಹಣ್ಣಾಗಿ ನಿಂತಿತ್ತು, ಆದರೆ ಕೊಯ್ಲಿನ ಮಿಷನ್ನು ಇನ್ನೂ ಶಂಕರನಾರಾಯಣ ಊರಿನ ಕಡೆಯೇ ಇತ್ತು. ಅವನು ದಿನಾ ಸಂಜೆ ಬಂದು ನಮ್ಮ ಹಲಗೆಯ ಮೇಲೆ ಕೂತು, ಅಮ್ಮನ ಆರೋಗ್ಯ ಕೇಳಿ, ಒಂದು ಲೋಟ ಹಾಲು ಇಟ್ಟು ಹೋಗುತ್ತಿದ್ದ. ಹಲಗೆಯ ಮಾತು ಎತ್ತುತ್ತಿರಲಿಲ್ಲ. ಎತ್ತದೆ ಇರುವುದು ಎಷ್ಟು ಕಷ್ಟ ಎನ್ನುವುದು ಅವನು ಹೆಗಲ ಮೇಲಿನ ಬೈರಾಸಿನ ತುದಿ ತಿರುಪುವುದರಲ್ಲೇ ಗೊತ್ತಾಗುತ್ತಿತ್ತು. ಅಮ್ಮ ಬೆಳಿಗ್ಗೆ ಕಣ್ಣು ಮುಚ್ಚಿ ತೆರೆದು "ಇನ್ನೂ ಸೀ ಇತ್ತ್" ಎಂದಾಗಲೆಲ್ಲ ಅವನ ಮನೆಯ ಕಡೆಯಿಂದ ಒಂದು ನೆಮ್ಮದಿಯ ಉಸಿರು ಗಾಳಿಯಲ್ಲಿ ತೇಲಿ ಬಂದ ಹಾಗೆ ನನಗೆ ಅನಿಸುತ್ತಿತ್ತು.

ನನಗೆ ಅನುಮಾನ ಹುಟ್ಟಿದ್ದು ಅಡುಗೆಮನೆಯಲ್ಲಿ. ಒಂದು ದಿನ ಬಂಗುಡೆ ಸಾರಿಗೆ ನಾನೂ ಉಪ್ಪು ಹಾಕಿದೆ, ನಾನು ಹಾಕಿಲ್ಲವೆಂದು ಸುಪ್ರಿಯಾಳೂ ಹಾಕಿದ್ದಳು. ಮೊದಲ ತುತ್ತಿಗೇ ಅವಳು ಮುಖ ಕಿವುಚಿ ನೀರಿನ ಲೋಟ ಎಳೆದುಕೊಂಡಳು. ಅಮ್ಮ ಅನ್ನಕ್ಕೆ ಇನ್ನೊಂದು ಸೌಟು ಸಾರು ಹಾಕಿಸಿಕೊಂಡಳು. ಮರುದಿನ ಗಂಜಿಗೆ ನಾನು ಉಪ್ಪನ್ನೇ ಹಾಕದೆ, ಉಪ್ಪಿನಕಾಯಿಯನ್ನೂ ಕೊಡದೆ ಬಟ್ಟಲು ಮುಂದಿಟ್ಟು ಹ್ಯಾಗಾಗಿದೆ ಎಂದು ಕೇಳಿದೆ. ಸಮಾ ಆಯಿತೆಂದಳು. ಒಲೆಯ ಬೆಂಕಿ ಸರಿಮಾಡುವ ನೆಪದಲ್ಲಿ ನಾನು ಆಚೆ ತಿರುಗಿದೆ. ನಮ್ಮಮ್ಮ, ಸಾರಿನ ವಾಸನೆಯಿಂದಲೇ ಉಪ್ಪು ಹೇಳುತ್ತಿದ್ದವಳು.

ಮಧ್ಯಾಹ್ನ ಸುಪ್ರಿಯಾ ಕಾಲೇಜಿನಲ್ಲಿದ್ದಾಗ ಜಗಲಿಯ ಹಲಗೆಯ ಮೇಲೆ ಅವಳ ಪಕ್ಕದಲ್ಲಿ ಕೂತೆ.

"ಅಮ್ಮ, ನಿಂಗೆ ರುಚಿ ಗೊತ್ತಾತಿಲ್ಲ್ಯಾ?"

ಅವಳು ಅಂಗಳದ ಕಡೆ ತಿರುಗಿದಳು.

"ಜ್ವರ ಬಂದಾಗಿನಿಂದ ಇಲ್ಲೆ" ಎಂದಳು. "ನಾಲ್ಗಿ ಮೇಲೆ ಬಟ್ಟಿ ಹಾಸ್ದಾಂಗ್ ಇತ್ತ್."

ಹಾಗಾದರೆ ತೋಡಿನ ನೀರನ್ನು ಹೇಗೆ ಹೇಳುತ್ತಿದ್ದೀ ಎಂದೆ. ಕಣ್ಣಿನಿಂದ, ಎಂದಳು. ದಡದ ನೊರೆ ನೋಡಿ, ಕಪ್ಪೆಯ ಕೂಗು ಕೇಳಿ, ಹಿಂದಿನ ವರ್ಷಗಳ ಲೆಕ್ಕ ಹಾಕಿ. ಹುಣ್ಣಿಮೆಗೆ ಭರತ ದೊಡ್ಡದಾಗುತ್ತದೆ, ಅಲ್ಲಿಯವರೆಗೆ ತೊಂದರೆಯಿಲ್ಲ ಎಂದು ಅವಳ ಅಂದಾಜು. ಯಾರಿಗಾದರೂ ಹೇಳಬಹುದಿತ್ತಲ್ಲ ಎಂದದ್ದಕ್ಕೆ ನನ್ನ ಕಡೆ ತಿರುಗಿದಳು.

"ಹೇಳ್ರೆ ಇವ್ರ್ ಮತ್ತೆ ಹೊಡ್ದಾಡ್ಕಂತ್ರ್, ಹೆಣೆ. ಇಬ್ರೂ ನಂಬೂ ನಾಲ್ಗಿ ಇನ್ನೊಂದ್ ಎಲ್ಲಿತ್ತ್?"

ನಾನು ಕುಡಿದು ನೋಡಲೇ ಎಂದರೆ ಬೇಡವೆಂದಳು. ನೀನು ಕುಂದಾಪುರದವಳು, ನೀನು ಹೇಳಿದ್ದನ್ನು ಯಾರು ಒಪ್ಪುತ್ತಾರೆ? ಅಷ್ಟು ಹೇಳಿ ಹಲಗೆಯ ಅಂಚನ್ನು ಬೆರಳಿನಿಂದ ಸವರುತ್ತ ಕೂತಳು. ಗೇರೆಣ್ಣೆ ಬಳಿದು ಬಳಿದು ಅವಳ ಬೆರಳ ತುದಿಗಳು ಯಾವತ್ತೋ ಬೊಬ್ಬೆ ಎದ್ದು, ಸುಲಿದು, ಕಪ್ಪಾಗಿ ನಿಂತಿದ್ದವು. ಮರದ ಬಣ್ಣ ಯಾವುದು, ಬೆರಳಿನ ಬಣ್ಣ ಯಾವುದು ಹೇಳಲು ಆಗುತ್ತಿರಲಿಲ್ಲ.

ಅವಳ ಪ್ರಶ್ನೆಗೆ ಉತ್ತರ ಹೇಳಿದ್ದು ಲಚ್ಚಕ್ಕನ ದನ. ಹುಣ್ಣಿಮೆಗೆ ಮುಂಚೆಯೇ ಒಂದು ಬೆಳಿಗ್ಗೆ, ಅಮ್ಮ ಚೆಂಬು ಕೆಳಗಿಟ್ಟು ದಿನದ ಮಾತು ಹೇಳಿ ಮುಗಿಸಿದ್ದಳಷ್ಟೆ, ಲಚ್ಚಕ್ಕ ತೋಡಿನ ಬದಿಯಿಂದ ಬಂದಳು. ಓಡಿ ಬಂದದ್ದಲ್ಲ, ಮೆಲ್ಲಗೆ ನಡೆದು ಬಂದದ್ದು. ಅವಳು ಮೆಲ್ಲಗೆ ನಡೆದರೆ ಸಿಟ್ಟು ನಿಜವಾದದ್ದು ಎಂದರ್ಥ. ತೋಡಿನ ನೀರು ತುಂಬಿಸಿದ ಬಾನಿಗೆ ದನ ಮೂತಿ ಇಟ್ಟು, ಊದಿ, ಹಿಂದೆ ಸರಿದಿದೆಯಂತೆ. ಎರಡನೇ ಸಲ ಎಳೆದು ತಂದರೂ ಕುಡಿಯಲಿಲ್ಲವಂತೆ.

"ನಿಮ್ ನಾಲ್ಗಿಗೆ ಸೀ, ನನ್ ದನೂಗೆ ಉಪ್ಪಾ, ಗುಲಾಬಕ್ಕ?" ಎಂದು ಕೇಳಿದಳು. ನಮ್ಮ ಜಗಲಿಯಲ್ಲಿ ಕವುಚಿಟ್ಟ ಸೂರಣ್ಣನ ಹಾಲಿನ ಲೋಟವನ್ನು ಒಮ್ಮೆ ನೋಡಿದಳು. "ದಿನಾ ಹಾಲ್ ಕುಡ್ದ್ ಬಾಯಿ ಸೀ ಆಯ್ತ್ ಕಾಂತ್."

ನನಗೆ ಮೈಯೆಲ್ಲ ಉರಿಯಿತು. ಆದರೆ ಅಮ್ಮನ ಮುಖದಲ್ಲಿ ಸಿಟ್ಟು ಬರಲಿಲ್ಲ. ಅವಳಿಗೆ ಎದುರಿಗೆ ಎರಡು ದಾರಿ ಇದ್ದವು, ಎರಡೂ ನನಗೆ ಕಾಣುತ್ತಿದ್ದವು. ಸುಮ್ಮನಿದ್ದರೆ ಗುಲಾಬಕ್ಕ ಒಂದು ಕಡೆ ವಾಲಿದಳು ಎಂಬ ಮಾತು ಸಂಜೆಯೊಳಗೆ ಕೇರಿ ಸುತ್ತುತ್ತದೆ. ನಿಜ ಹೇಳಿದರೆ ಇಷ್ಟು ವರ್ಷ ಜಗಳವನ್ನು ಹಿಡಿದು ನಿಲ್ಲಿಸಿದ್ದ ಒಂದೇ ಹಲಗೆಯನ್ನು ಅವಳೇ ಎತ್ತಿದ ಹಾಗೆ. ಅಮ್ಮ ಸುಪ್ರಿಯಾಳನ್ನು ಕರೆದು ಸೂರಣ್ಣನನ್ನು ಬರಹೇಳು ಎಂದಳು. ಅವಳು ಕಾಲೇಜಿನ ಚೀಲವನ್ನು ಅಲ್ಲೇ ಬಿಟ್ಟು ಹೋದಳು. ಅವಳ ಹಿಂದೆಯೇ ನಾಲ್ಕಾರು ಮನೆಯವರು ಬಂದರು. ನಮ್ಮಲ್ಲಿ ಒಬ್ಬರನ್ನು ಕರೆದರೆ ಒಬ್ಬರೇ ಬರುವ ಪದ್ಧತಿ ಇಲ್ಲ.

ಮಂಜು ಆಗ ಏಳುತ್ತಿತ್ತು. ಬಿಸಿಲು ಬಿದ್ದಲ್ಲಿ ನೀರು ಹಿತ್ತಾಳೆಯ ಹಾಗೆ, ಬೀಳದಲ್ಲಿ ಸೀಸದ ಹಾಗೆ. ಅಮ್ಮ ಮೇಲಿನ ಮೆಟ್ಟಿಲ ಮೇಲೆ ಕೂತು, ಎಲ್ಲರಿಗೂ ಕೇಳುವಷ್ಟೇ ದನಿಯಲ್ಲಿ ಹೇಳಿದಳು.

"ಜ್ವರ ಬಂದ್ ಮೇಲೆ ನನ್ ನಾಲ್ಗಿಗೆ ಉಪ್ಪೂ ಇಲ್ಲೆ, ಸೀಯೂ ಇಲ್ಲೆ. ಗೊತ್ತಿದ್ದೂ ಹೇಳ್ಲಿಲ್ಲೆ. ಅದ್ ನನ್ನ್ ತಪ್ಪ್. ಇಷ್ಟ್ ದಿನ ನಾ ಹೇಳ್ದದ್ದ್ ಕಣ್ಣಂದಾಜ್, ರುಚಿ ಅಲ್ಲ."

ಲಚ್ಚಕ್ಕನ ಕೈ ತಾನಾಗಿ ಬಾಯಿಗೆ ಹೋಯಿತು. ಸೂರಣ್ಣ ಬೈರಾಸನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅಮ್ಮ ಚೆಂಬನ್ನು ಸುಪ್ರಿಯಾಳ ಕೈಗೆ ಕೊಟ್ಟು, ಕೆಳಗಿನ ಮೆಟ್ಟಿಲಿನಿಂದ ನೀರು ತುಂಬಿಸಿ ತರಿಸಿದಳು.

"ಸೂರಾ, ನೀ ಕುಡಿ. ಲಚ್ಚಿ, ನೀನೂ ಇದೇ ಚೆಂಬಂಗೆ ಕುಡಿ. ಇಬ್ರೂ ಒಂದೇ ಮಾತ್ ಹೇಳ್ದ್ ದಿನ ಹಲ್ಗಿ ಇಳ್ಸುದ್. ನನ್ ಕೇಂಬುದ್ ಬ್ಯಾಡ."

ಸೂರಣ್ಣ ಚೆಂಬನ್ನು ಎತ್ತಿ ಒಂದು ಗುಟುಕು ಕುಡಿದ. ಅವನ ಬೆನ್ನ ಹಿಂದೆ, ತೋಡಿನ ತಿರುವಿನಾಚೆ, ಅವನ ಗದ್ದೆ ಹಳದಿಯಾಗಿ ತಲೆ ಬಾಗಿಸಿ ನಿಂತಿರುವುದು ಎಲ್ಲರಿಗೂ ಕಾಣುತ್ತಿತ್ತು. ಸೀ ಇದೆ ಎಂದು ಅವನು ಹೇಳಿದ್ದರೆ ಯಾರು ಏನು ಮಾಡುವಂತಿತ್ತು? ಲಚ್ಚಕ್ಕ ಇಲ್ಲ ಎನ್ನುತ್ತಿದ್ದಳು, ಒಂದು ದಿನ ಕಳೆಯುತ್ತಿತ್ತು, ಮತ್ತೊಂದು ಕಳೆಯುತ್ತಿತ್ತು, ಅಷ್ಟರಲ್ಲಿ ಮಿಷನ್ನು ಬರುತ್ತಿತ್ತು. ಅವನು ಇನ್ನೊಂದು ಗುಟುಕು ಕುಡಿದ. ಚೆಂಬನ್ನು ಲಚ್ಚಕ್ಕನಿಗೆ ಕೊಡುತ್ತ, ಅವಳ ಮುಖ ನೋಡದೆ, ಅಮ್ಮನ ಮುಖವನ್ನೂ ನೋಡದೆ ಹೇಳಿದ.

"ಉಪ್ಪ್."

ಲಚ್ಚಕ್ಕ ಕುಡಿಯದೆಯೇ ಚೆಂಬು ಹಿಡಿದು ನಿಂತುಬಿಟ್ಟಳು. ಕುಡಿ ಎಂದು ಅಮ್ಮ ಗದರಿದ ಮೇಲೆ ಕುಡಿದಳು.

ಮಧ್ಯಾಹ್ನದ ಹೊತ್ತಿಗೆ ಹಲಗೆಗಳು ಜಗಲಿ ಬಿಟ್ಟು ಹೊರಟವು. ಹುಲ್ಲು ಕಲಸಿದ ಜೇಡಿಮಣ್ಣನ್ನು ಸೊಂಟದವರೆಗೆ ಇಳಿದು ತುಳಿದವರಲ್ಲಿ ಸೂರಣ್ಣನೂ ಇದ್ದ. ಅವನು ತನ್ನ ಗದ್ದೆಯ ಕುತ್ತಿಗೆಯನ್ನು ತಾನೇ ತುಳಿಯುವ ಹಾಗೆ ತುಳಿಯುತ್ತಿದ್ದಾನೆ ಎಂದು ನನಗೆ ಅನಿಸಿತು. ಸಂಜೆಯ ಭರತ ಬಂದು ಹಲಗೆಗೆ ಮುಟ್ಟಿ, ಮೂಸಿ ನೋಡಿ, ಅಲ್ಲೇ ನಿಂತಿತು.

ಮರುದಿನ ಬೆಳಿಗ್ಗೆ ನಾನು ಅಂಗಳ ಗುಡಿಸುತ್ತಿದ್ದಾಗ ಲಚ್ಚಕ್ಕ ಕತ್ತಿ ಹಿಡಿದು ನಮ್ಮ ಮನೆಯ ಮುಂದಿನಿಂದ ಹೋದಳು. ಹ್ವಾಯ್, ಎಲ್ಲಿಗೆ ಎಂದು ಕೇಳಿದರೆ, ಮಿಷನ್ನಿಗೆ ದಾರಿ ತೋರಿಸಲು ಎಂದಳು. ಅವಳ ಹಿಂದೆ ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಸೂರಣ್ಣನ ಗದ್ದೆಗೆ ಹೋದರು, ನೀರೇರುವ ಮುಂಚೆ ಕೈಯಲ್ಲೇ ಕೊಯ್ಯಲು. ಕೈಕೊಯ್ಲು ಮರೆತು ವರ್ಷಗಳೇ ಆಗಿದ್ದವು. ಕೆಲವರ ಕತ್ತಿಗೆ ತುಕ್ಕು, ಕೆಲವರ ಸೊಂಟಕ್ಕೆ ತುಕ್ಕು. ಅಮ್ಮನನ್ನು ಕುರ್ಚಿ ಸಮೇತ ಗದ್ದೆಯಂಚಿನ ಕಟ್ಟಹುಣಿಯ ಮೇಲೆ ಕೊಡೆ ಹಿಡಿಸಿ ಕೂರಿಸಿದೆವು. ಅವಳು ಅಲ್ಲಿಂದಲೇ ಯಾರ ಹಿಡಿ ಸಡಿಲ, ಯಾರು ಮಾತಾಡಲೆಂದೇ ಬಂದದ್ದು ಎಂದು ಹೆಸರು ಹಿಡಿದು ಹೇಳುತ್ತಿದ್ದಳು. ನೀರು ಮೆಲ್ಲಗೆ ಗದ್ದೆಯ ಕೆಳಗಿನ ಮೂಲೆಗೆ ಏರುತ್ತಿತ್ತು, ನಾವು ಆ ಮೂಲೆಯಿಂದಲೇ ಕೊಯ್ಯುತ್ತ ಬಂದೆವು. ಸುಪ್ರಿಯಾ ಕಾಲೇಜಿಗೆ ರಜೆ ಹಾಕಿ ಬೆರಳು ಕೊಯ್ದುಕೊಂಡಳು. ಬಿಸಿಲು, ಹುಲ್ಲಿನ ವಾಸನೆ, ಕಾಲ ಕೆಳಗೆ ಏರುವ ತಣ್ಣನೆ ನೀರು, ಯಾರೋ ಶುರುಮಾಡಿ ಯಾರೂ ಮುಗಿಸದ ಒಂದು ಹಾಡು. ಆ ದಿನ ಎಷ್ಟು ಹೊತ್ತಿಗೆ ಮುಗಿಯಿತು ಎಂದು ನನಗೆ ನೆನಪಿಲ್ಲ. ಮುಗಿಯಿತೋ ಇಲ್ಲವೋ ಎಂದೂ ಒಮ್ಮೊಮ್ಮೆ ಅನಿಸುತ್ತದೆ.

ಲಚ್ಚಕ್ಕನ ಬಾವಿ ಆ ಬೇಸಿಗೆ ಸ್ವಲ್ಪ ಉಪ್ಪಾಯಿತು, ಪೂರ್ತಿ ಕೆಡಲಿಲ್ಲ. ಆ ವರ್ಷ ಗಂಜಿಗೆ ಉಪ್ಪು ಹಾಕುವ ಕೆಲಸ ಉಳಿಯಿತು ಎಂದು ಅವಳು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದಳು, ಅಮ್ಮನ ಎದುರಿಗೂ ಹೇಳಿ ನಗಿಸಿದಳು. ಅಮ್ಮನಿಗೆ ರುಚಿ ಮರಳಿ ಬರಲೇ ಇಲ್ಲ. ಊಟಕ್ಕೆ ಕೂತಾಗ ಸುಪ್ರಿಯಾಳನ್ನು ಕೇಳುವಳು: ಇವತ್ತು ಹುಳಿ ಹೇಗಿದೆ, ಖಾರ ಮುಂದಿದೆಯೋ ಹಿಂದಿದೆಯೋ? ಅವಳು ವರ್ಣಿಸುವಳು. ಅಮ್ಮ ಕೇಳುತ್ತ ಉಣ್ಣುವಳು, ಯಾರೋ ಊರ ಸುದ್ದಿ ಹೇಳಿದ ಹಾಗೆ ತಲೆಯಾಡಿಸುತ್ತ.

ಹಲಗೆಗಳು ಜಗಲಿಗೆ ಮರಳಿ, ಮಳೆ ಹಿಡಿದು, ಆಷಾಢದ ಒಂದು ಮಧ್ಯಾಹ್ನ ಅಮ್ಮ ಮಲಗಿದ್ದವಳು ಏಳಲಿಲ್ಲ. ಸುದ್ದಿ ಹೋದದ್ದೇ ತಡ, ಜನ ಬರತೊಡಗಿದರು. ನಮ್ಮಲ್ಲಿ ಅಷ್ಟು ಜನಕ್ಕೆ ಕೂರಲು ಏನಿದೆ? ಅದನ್ನು ಮೊದಲು ಯೋಚಿಸಿದವರು ಯಾರೋ ತಿಳಿಯದು. ಬಾಗಿಲಲ್ಲಿ ನಿಂತು ನೋಡುತ್ತೇನೆ, ಸುರಿಯುವ ಮಳೆಯಲ್ಲಿ ತೋಡಿನ ಎರಡೂ ದಡದಿಂದ ಕರಿ ಹಲಗೆಗಳು ತಲೆಯ ಮೇಲೆ ಸಾಲಾಗಿ ಬರುತ್ತಿವೆ. ಅಂಗಳದ ಚಪ್ಪರದ ಕೆಳಗೆ ಒಂದರ ಪಕ್ಕ ಒಂದು ಇಟ್ಟು ಎಲ್ಲರೂ ಕೂತರು. ಅವು ಕಟ್ಟದಲ್ಲಿ ಬಿಟ್ಟು ಬೇರೆಲ್ಲೂ ಹಾಗೆ ಒಟ್ಟಿಗೆ ಸೇರಿದ್ದನ್ನು ನಾನು ಕಂಡಿರಲಿಲ್ಲ.

ಆ ಮೇಲೆ ನಾನು ಕುಂದಾಪುರಕ್ಕೆ ಮರಳಿ ಹೋಗಲಿಲ್ಲ. ಹೊಲಿಗೆ ಮಿಷನ್ನು ಹೇಗೂ ಬಂದಾಗಿತ್ತು. ಸುಪ್ರಿಯಾ ಈಗ ಬೈಂದೂರಿನಲ್ಲಿ ನರ್ಸು. ರಜೆಗೆ ಬಂದರೆ ಮೊದಲು ಕೇಳುವುದು ಹಲಗೆ ಇಳಿಯಿತೋ ಎಂದು.

ಮೊನ್ನೆ ಹಂಗಾರಕಟ್ಟೆಯಿಂದ ಹಲಗೆ ತಂದು ಜಗಲಿಯ ಗೋಡೆಗೆ ಒರಗಿಸಿದೆ. ಮರುದಿನ ಬೆಳಿಗ್ಗೆ ಮಂಜಿನೊಳಗೆ ಸೂರಣ್ಣ ಒಂದು ಕಡೆಯಿಂದ ಬಂದ, ಲಚ್ಚಕ್ಕ ಇನ್ನೊಂದು ಕಡೆಯಿಂದ. ಇಬ್ಬರ ಕೈಯಲ್ಲೂ ಈಗ ಊರುಗೋಲು. ಅಮ್ಮನ ಚೆಂಬನ್ನು ನಾನೇ ತುಂಬಿಸಿ ಕೊಟ್ಟೆ. ಸೂರಣ್ಣ ಕುಡಿದು, ಏನೂ ಇಲ್ಲ, ಇನ್ನೂ ಸೀ ಎಂದ. ಲಚ್ಚಕ್ಕ ಕುಡಿದು, ಇದೆ, ಒಂಚೂರು ಇದೆ, ನಿನ್ನ ನಾಲಗೆಗೆ ವಯಸ್ಸಾಯಿತು ಎಂದಳು. ನಿನ್ನ ನಾಲಗೆ ಹುಟ್ಟುವಾಗಲೇ ಉಪ್ಪು ಎಂದು ಅವನು. ಜಗಳ ಸ್ವಲ್ಪ ಹೊತ್ತು ಹಾಗೆ ನಡೆದು, ಇಬ್ಬರೂ ನನ್ನ ಕಡೆ ತಿರುಗಿದರು. ಲಚ್ಚಕ್ಕ ಚೆಂಬು ಚಾಚಿದಳು.

"ನೀ ಒಂದ್ ಸಲ ಕಾಣ್, ಹೆಣೆ. ನಡೂ ಮನಿಯೋಳ್ ನೀನೇ ಅಲ್ದಾ. ನೀ ಹೇಳ್ದಾಂಗ್ ಮಾಡ್ವ."

ಚೆಂಬಿನಲ್ಲಿ ನೀರು ಸಣ್ಣಗೆ ಅಲುಗುತ್ತಿತ್ತು. ಕುಡಿದರೆ ನನಗೆ ಗೊತ್ತಾಗುತ್ತಿತ್ತು, ಮತ್ತೆ ಒಂದೇ ನಾಲಗೆಯ ಮಾತಾಗುತ್ತಿತ್ತು. ನಾನು ಅದನ್ನು ತೆಗೆದುಕೊಂಡು, ನೀರನ್ನು ತೋಡಿಗೇ ಚೆಲ್ಲಿದೆ.

"ನಾಳೆ ಬೆಳಿಗ್ಗೆ ಇಬ್ರೂ ಮತ್ತೆ ಬನ್ನಿ" ಎಂದೆ.

ಥೇಟ್ ಗುಲಾಬಕ್ಕನೇ ಎಂದು ಸೂರಣ್ಣ ಗೊಣಗಿದ. ಮೆಟ್ಟಿಲು ಹತ್ತುವಾಗ ಲಚ್ಚಕ್ಕ ಅವನ ಊರುಗೋಲನ್ನೂ ತಾನೇ ಹಿಡಿದುಕೊಂಡಳು, ಬೈಯುವುದನ್ನು ನಿಲ್ಲಿಸಲಿಲ್ಲ. ಚಾಯಕ್ಕೆಂದು ಜಗಲಿಗೆ ಬಂದರೆ ಹಲಗೆಯ ಗೇರೆಣ್ಣೆ ಇನ್ನೂ ಆರಿರಲಿಲ್ಲ. ಇಬ್ಬರೂ ಅದನ್ನು ಒಮ್ಮೆ ಮೂಸಿ, ಅದರ ಪಕ್ಕದಲ್ಲೇ ನೆಲದ ಮೇಲೆ ಕೂತರು.